ಚಾಟ್‌ಬಾಟ್ ಕೊಟ್ಟ ಮಾತಿಗೆ ಹೊಣೆ ಯಾರು? ಏರ್ ಕೆನಡಾ ಪ್ರಕರಣದ ಅಧ್ಯಯನ

2022ರ ನವೆಂಬರ್ 11ರಂದು ಕೆನಡಾದ ಪ್ರಯಾಣಿಕರೊಬ್ಬರು, ಅಜ್ಜಿ ತೀರಿಕೊಂಡ ಸುದ್ದಿ ತಿಳಿದು, ವ್ಯಾಂಕೂವರ್‌ನಿಂದ ಟೊರಾಂಟೊಗೆ ಹೋಗಲು ಏರ್ ಕೆನಡಾ ವಿಮಾನಯಾನ ಸಂಸ್ಥೆಯ ವೆಬ್‌ಸೈಟ್ ತೆರೆದರು. ಹತ್ತಿರದ ಸಂಬಂಧಿಕರ ಸಾವಿಗೆ ಹೋಗಬೇಕಾದವರಿಗೆ ಕೆಲವು ವಿಮಾನಯಾನ ಸಂಸ್ಥೆಗಳು ಟಿಕೆಟ್ ದರದಲ್ಲಿ ರಿಯಾಯಿತಿ ಕೊಡುವುದುಂಟು. ಏರ್ ಕೆನಡಾದಲ್ಲಿಯೂ ಆ ಸೌಲಭ್ಯವಿತ್ತು. ಅದನ್ನು ಪಡೆಯುವುದು ಹೇಗೆಂದು ಅವರು ವೆಬ್‌ಸೈಟ್‌ನಲ್ಲಿದ್ದ, ಪ್ರಶ್ನೆಗಳಿಗೆ ತಾನಾಗಿ ಉತ್ತರಿಸುವ ಚಾಟ್‌ಬಾಟನ್ನು ಕೇಳಿದರು. ಕೂಡಲೇ ಹೊರಡಬೇಕಾಗಿದ್ದರೂ ಸರಿ, ಈಗಾಗಲೇ ಪ್ರಯಾಣ ಮಾಡಿ ಆಗಿದ್ದರೂ ಸರಿ, ಟಿಕೆಟ್ ನೀಡಿದ ದಿನದಿಂದ 90 ದಿನಗಳೊಳಗೆ ಮರುಪಾವತಿ ಅರ್ಜಿ ತುಂಬಿ ಕಳುಹಿಸಿದರೆ ರಿಯಾಯಿತಿ ದರ ಕೋರಬಹುದು ಎಂಬ ಅರ್ಥದ ಉತ್ತರ ಬಂತು. ಆ ಉತ್ತರದಲ್ಲಿ ರಿಯಾಯಿತಿ ದರವನ್ನು ಹೆಸರಿಸಿದ ಕಡೆ ಒಂದು ಲಿಂಕ್ ಇತ್ತು. ಅದನ್ನು ಒತ್ತಿದರೆ ತೆರೆದುಕೊಳ್ಳುತ್ತಿದ್ದ ಪುಟದಲ್ಲಿ, ಪ್ರಯಾಣ ಮುಗಿದ ಮೇಲೆ ಸಲ್ಲಿಸುವ ಕೋರಿಕೆಗಳಿಗೆ ಈ ರಿಯಾಯಿತಿ ಅನ್ವಯಿಸುವುದಿಲ್ಲ ಎಂದು ಬರೆದಿತ್ತು.

ಪ್ರಯಾಣಿಕರು ಚಾಟ್‌ಬಾಟ್ ಹೇಳಿದ್ದನ್ನು ನಂಬಿದರು. ಹೋಗಲು 794.98 ಕೆನಡಿಯನ್ ಡಾಲರ್, ಮರಳಿ ಬರಲು 845.38 ಡಾಲರ್ ತೆತ್ತು ಪೂರ್ಣ ದರದ ಟಿಕೆಟ್ ಕೊಂಡರು. 90 ದಿನಗಳ ಗಡುವಿಗೆ ಬಹಳ ಮೊದಲೇ ಅರ್ಜಿ ಹಾಕಿದರು. ಮುಂದಿನ ಕೆಲವು ತಿಂಗಳು ಇಮೇಲ್‌ಗಳು ಹೋಗಿ ಬಂದವು. 2023ರ ಫೆಬ್ರವರಿ 5ರಂದು ಅವರು ಚಾಟ್‌ಬಾಟ್ ಸಂಭಾಷಣೆಯ ಸ್ಕ್ರೀನ್‌ಶಾಟ್ ಕಳುಹಿಸಿದಾಗ, ಚಾಟ್‌ಬಾಟ್‌ನ ಮಾತು ದಾರಿ ತಪ್ಪಿಸುವಂತಿತ್ತು ಎಂದು ಸಂಸ್ಥೆಯ ಪ್ರತಿನಿಧಿ ಮೂರು ದಿನಗಳಲ್ಲಿ ಒಪ್ಪಿಕೊಂಡರು. ಅದನ್ನು ತಿದ್ದಲು ಗಮನಕ್ಕೆ ತಂದಿರುವುದಾಗಿಯೂ ಹೇಳಿದರು. ಹಣ ಮಾತ್ರ ಮರಳಲಿಲ್ಲ. ಮುಂದಿನ ಪ್ರಯಾಣಕ್ಕೆ ಬಳಸಬಹುದಾದ 200 ಡಾಲರಿನ ಕೂಪನ್ ಕೊಡುವ ಪ್ರಸ್ತಾಪವನ್ನು ಪ್ರಯಾಣಿಕರು ಒಪ್ಪದೆ, ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸಿವಿಲ್ ರೆಸಲ್ಯೂಷನ್ ಟ್ರಿಬ್ಯೂನಲ್ ಎಂಬ ನ್ಯಾಯಮಂಡಳಿಗೆ ದೂರು ಕೊಟ್ಟರು. 5,000 ಡಾಲರ್‌ವರೆಗಿನ ಸಣ್ಣ ವ್ಯಾಜ್ಯಗಳನ್ನು ಬಹುಮಟ್ಟಿಗೆ ಆನ್‌ಲೈನ್‌ನಲ್ಲಿಯೇ ಇತ್ಯರ್ಥಪಡಿಸುವ ಸಂಸ್ಥೆ ಅದು. ಕೇಳಿದ ಮೊತ್ತ 880 ಡಾಲರ್.

ಇಷ್ಟು ಚಿಕ್ಕ ಮೊತ್ತದ ವ್ಯಾಜ್ಯವೊಂದು ಜಗತ್ತಿನಾದ್ಯಂತ ಚರ್ಚೆಯಾದದ್ದು ಸಂಸ್ಥೆ ಮುಂದಿಟ್ಟ ಒಂದು ವಾದದಿಂದ. ತನ್ನ ಏಜೆಂಟರು, ನೌಕರರು ಅಥವಾ ಪ್ರತಿನಿಧಿಗಳು ಕೊಟ್ಟ ಮಾಹಿತಿಗೆ ತಾನು ಹೊಣೆಯಲ್ಲ, ಚಾಟ್‌ಬಾಟ್ ಕೂಡ ಅದಕ್ಕೆ ಹೊರತಲ್ಲ ಎಂದು ಏರ್ ಕೆನಡಾ ಹೇಳಿತು. ನ್ಯಾಯಮಂಡಳಿಯ ಸದಸ್ಯ ಕ್ರಿಸ್ಟೋಫರ್ ರಿವರ್ಸ್ 2024ರ ಫೆಬ್ರವರಿ 14ರ ತೀರ್ಪಿನಲ್ಲಿ ಈ ವಾದದ ಅರ್ಥವನ್ನು ಬಿಡಿಸಿಟ್ಟರು: ಚಾಟ್‌ಬಾಟ್ ಎಂಬುದು ತನ್ನ ನಡೆಗೆ ತಾನೇ ಉತ್ತರ ಕೊಡಬೇಕಾದ ಪ್ರತ್ಯೇಕ ಕಾನೂನು ವ್ಯಕ್ತಿ ಎಂದು ಸಂಸ್ಥೆ ಹೇಳಿದಂತಾಯಿತು. ಇದು ಅಚ್ಚರಿಯ ವಾದ ಎಂದು ಅವರು ಬರೆದರು. ಚಾಟ್‌ಬಾಟ್ ಮರುಮಾತಾಡಬಲ್ಲದಾದರೂ ವೆಬ್‌ಸೈಟಿನ ಒಂದು ಭಾಗವಷ್ಟೆ. ಮಾಹಿತಿ ಸ್ಥಿರ ಪುಟದಿಂದ ಬಂದರೂ ಚಾಟ್‌ಬಾಟ್‌ನಿಂದ ಬಂದರೂ ವೆಬ್‌ಸೈಟಿನಲ್ಲಿರುವ ಎಲ್ಲದಕ್ಕೂ ಸಂಸ್ಥೆಯೇ ಹೊಣೆ ಎಂಬುದು ಅವರ ನಿಲುವು. ಸಂಸ್ಥೆಯ ವಾದದಲ್ಲಿ ಒಂದು ವಿಚಿತ್ರವಿದೆ. ಜೋಸೆಫ್ ವೈಜೆನ್‌ಬಾಮ್ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರೂಪಿಸಿ 1966ರಲ್ಲಿ ವಿವರಿಸಿದ, ಮನುಷ್ಯರೊಡನೆ ಮಾತುಕತೆ ನಡೆಸುವ ಎಲೈಜಾ ಎಂಬ ಕಂಪ್ಯೂಟರ್ ಪ್ರೋಗ್ರಾಂನ ಕಾಲದಿಂದಲೂ, ಯಂತ್ರದ ಮಾತಿನ ಹಿಂದೆ ಒಬ್ಬ ವ್ಯಕ್ತಿಯನ್ನು ಕಲ್ಪಿಸಿಕೊಳ್ಳುವುದು ಬಳಕೆದಾರರ ದೌರ್ಬಲ್ಯ ಎಂದು ತಂತ್ರಜ್ಞರು ಹೇಳುತ್ತ ಬಂದಿದ್ದಾರೆ. ಇಲ್ಲಿ ಆ ವ್ಯಕ್ತಿಯನ್ನು ಕಲ್ಪಿಸಿಕೊಂಡದ್ದು ಯಂತ್ರದ ಒಡೆಯನೇ, ಅದೂ ಪರಿಹಾರ ಕೊಡಬೇಕಾಗಿ ಬಂದ ಮೇಲೆ.

ತೀರ್ಪು ನಿಂತದ್ದು ಹೊಸ ಕಾನೂನಿನ ಮೇಲಲ್ಲ. ನಿರ್ಲಕ್ಷ್ಯದಿಂದ ಕೊಟ್ಟ ತಪ್ಪು ಮಾಹಿತಿಯಿಂದ ಆದ ನಷ್ಟಕ್ಕೆ ಪರಿಹಾರ ಕೊಡಬೇಕೆಂಬ ಹಳೆಯ ತತ್ತ್ವವೇ ಸಾಕಾಯಿತು. ಮಾಹಿತಿ ಕೊಡುವವರಿಗೂ ಪಡೆಯುವವರಿಗೂ ನಡುವೆ ಎಚ್ಚರ ವಹಿಸಬೇಕಾದ ಸಂಬಂಧವಿರಬೇಕು; ಮಾಹಿತಿ ತಪ್ಪಾಗಿರಬೇಕು ಅಥವಾ ದಾರಿ ತಪ್ಪಿಸುವಂತಿರಬೇಕು; ಅದನ್ನು ಕೊಡುವಲ್ಲಿ ಅಜಾಗರೂಕತೆ ಇರಬೇಕು; ಪಡೆದವರು ಅದನ್ನು ನಂಬಿದ್ದು ಸಮಂಜಸವಾಗಿರಬೇಕು; ಆ ನಂಬಿಕೆಯಿಂದ ನಷ್ಟವಾಗಿರಬೇಕು. ಟಿಕೆಟ್ ಮಾರುವವರಿಗೂ ಕೊಳ್ಳುವವರಿಗೂ ಮೊದಲನೆಯ ಸಂಬಂಧ ಇದ್ದೇ ಇದೆ, ಮಾಹಿತಿ ತಪ್ಪೆಂದು ಸಂಸ್ಥೆಯೇ ಒಪ್ಪಿತ್ತು. ನಿಜವಾದ ಜಗ್ಗಾಟ ನಡೆದದ್ದು ನಂಬಿಕೆಯ ವಿಷಯದಲ್ಲಿ. ಲಿಂಕ್ ಒತ್ತಿದ್ದರೆ ಸರಿಯಾದ ನಿಯಮ ಸಿಗುತ್ತಿತ್ತಲ್ಲವೇ ಎಂದು ಸಂಸ್ಥೆ ಕೇಳಿತು. ರಿಯಾಯಿತಿಯ ಪುಟವು ಚಾಟ್‌ಬಾಟ್‌ಗಿಂತ ಹೆಚ್ಚು ನಂಬಲರ್ಹ ಏಕೆ, ವೆಬ್‌ಸೈಟಿನ ಒಂದು ಭಾಗದಲ್ಲಿ ಸಿಕ್ಕ ಮಾಹಿತಿಯನ್ನು ಗ್ರಾಹಕರು ಅದೇ ವೆಬ್‌ಸೈಟಿನ ಇನ್ನೊಂದು ಭಾಗದಲ್ಲಿ ತಾಳೆ ನೋಡಬೇಕಾದದ್ದು ಏಕೆ ಎಂಬುದಕ್ಕೆ ಸಂಸ್ಥೆ ಉತ್ತರ ಕೊಟ್ಟಿಲ್ಲ ಎಂದು ರಿವರ್ಸ್ ಹೇಳಿದರು. ಒಪ್ಪಂದದ ಷರತ್ತುಗಳು ತನ್ನನ್ನು ರಕ್ಷಿಸುತ್ತವೆಂದು ವಾದಿಸಿದ ಸಂಸ್ಥೆ, ಆ ಷರತ್ತುಗಳ ಸಂಬಂಧಪಟ್ಟ ಭಾಗವನ್ನು ನ್ಯಾಯಮಂಡಳಿಗೆ ಸಲ್ಲಿಸಲೇ ಇಲ್ಲ. ಕೊನೆಗೆ ಪರಿಹಾರವಾಗಿ 650.88 ಡಾಲರ್, ಬಡ್ಡಿಯಾಗಿ 36.14 ಡಾಲರ್, ಶುಲ್ಕವಾಗಿ 125 ಡಾಲರ್, ಒಟ್ಟು 812.02 ಡಾಲರ್ ಕೊಡಬೇಕೆಂದು ಆದೇಶವಾಯಿತು. ಈ ನ್ಯಾಯಮಂಡಳಿಯ ತೀರ್ಪುಗಳು ಬೇರೆ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಹಾಗಿದ್ದೂ ಚಾಟ್‌ಬಾಟ್ ಕಟ್ಟುವವರಿಗೆ ಇದಕ್ಕಿಂತ ಉಪಯುಕ್ತವಾದ ದಾಖಲೆ ಕಡಿಮೆ.

ದಾಖಲೆಯಲ್ಲಿ ಇಲ್ಲದ್ದು

ಈ ಪ್ರಕರಣವನ್ನು ಹೇಳುವಾಗಲೆಲ್ಲ ಕೃತಕ ಬುದ್ಧಿಮತ್ತೆ ಇಲ್ಲದ್ದನ್ನು ಸೃಷ್ಟಿಸಿ ಹೇಳಿತು ಎನ್ನುವುದು ರೂಢಿಯಾಗಿದೆ. ತೀರ್ಪನ್ನು ಓದಿದರೆ ಅದಕ್ಕೆ ಆಧಾರ ಸಿಗುವುದಿಲ್ಲ. ತನ್ನ ಚಾಟ್‌ಬಾಟ್ ಯಾವ ಬಗೆಯದು ಎಂಬ ಮಾಹಿತಿಯನ್ನೇ ಏರ್ ಕೆನಡಾ ನ್ಯಾಯಮಂಡಳಿಗೆ ಕೊಡಲಿಲ್ಲ. ಸಂಭಾಷಣೆ ನಡೆದದ್ದು ನವೆಂಬರ್ 11ರಂದು. ಚಾಟ್‌ಜಿಪಿಟಿ ಸಾರ್ವಜನಿಕರಿಗೆ ಬಂದದ್ದು ಅದೇ ತಿಂಗಳ 30ರಂದು. ಆ ಕಾಲದಲ್ಲಿ ದೊಡ್ಡ ಸಂಸ್ಥೆಗಳ ಗ್ರಾಹಕ ಸೇವೆಯ ಚಾಟ್‌ಬಾಟ್‌ಗಳು ಸಾಮಾನ್ಯವಾಗಿ ಹಳೆಯ ಪದ್ಧತಿಯವು: ಬಳಕೆದಾರರು ಟೈಪ್ ಮಾಡಿದ ವಾಕ್ಯವನ್ನು ಮೊದಲೇ ಗುರುತಿಸಿಟ್ಟ ಉದ್ದೇಶಗಳಲ್ಲಿ ಒಂದಕ್ಕೆ ಹೊಂದಿಸಿ, ಆ ಉದ್ದೇಶಕ್ಕೆ ಯಾರೋ ಬರೆದಿಟ್ಟ ಉತ್ತರವನ್ನು ಹಾಗೆಯೇ ತೋರಿಸುವಂಥವು. 90 ದಿನಗಳ ಗಡುವು, ಅರ್ಜಿ ನಮೂನೆಯ ಹೆಸರು, ಸರಿಯಾದ ಪುಟಕ್ಕೆ ಕೊಟ್ಟ ಲಿಂಕ್, ಕಚೇರಿ ಪತ್ರದಂಥ ಸೌಜನ್ಯದ ಧಾಟಿ, ಇವನ್ನೆಲ್ಲ ಒಟ್ಟಿಗೆ ನೋಡಿದರೆ ಅದು ಮನುಷ್ಯರು ಬರೆದು ಯಂತ್ರದೊಳಗೆ ಇಟ್ಟ ವಾಕ್ಯವಾಗಿರುವ ಸಾಧ್ಯತೆಯೇ ಹೆಚ್ಚು ಎಂಬುದು ನನ್ನ ಅನಿಸಿಕೆ.

ಆ ಅನಿಸಿಕೆ ಸರಿಯಾಗಿದ್ದರೆ ಪ್ರಕರಣದ ತಿರುಳೇ ಬೇರೆಯಾಗುತ್ತದೆ. ಯಂತ್ರ ತನಗೆ ಹೇಳಿಕೊಟ್ಟದ್ದನ್ನು ಹೇಳಿಕೊಟ್ಟಂತೆಯೇ ಹೇಳಿದೆ. ಒಂದೇ ನಿಯಮದ ಎರಡು ಪ್ರತಿಗಳು ಸಂಸ್ಥೆಯೊಳಗೆ ಬದುಕಿದ್ದವು, ಅವು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡುವ ಕೆಲಸ ಯಾರ ಪಾಲಿಗೂ ಇರಲಿಲ್ಲ. ಇಂಥ ಸಂಸ್ಥೆಗಳಲ್ಲಿ ದರದ ನಿಯಮ ಒಂದು ವಿಭಾಗದ ಸ್ವತ್ತು, ವೆಬ್ ಪುಟ ಇನ್ನೊಂದರದು, ಚಾಟ್‌ಬಾಟ್‌ನ ಉತ್ತರಗಳು ಮೂರನೆಯದರದು, ಹಲವು ಸಲ ಹೊರಗಿನ ಗುತ್ತಿಗೆದಾರರದು. ನಿಯಮ ಬದಲಾದ ದಿನ ಪುಟವನ್ನು ತಿದ್ದುತ್ತಾರೆ, ಏಕೆಂದರೆ ಪುಟ ಎಲ್ಲರ ಕಣ್ಣಿಗೆ ಬೀಳುತ್ತದೆ. ಚಾಟ್‌ಬಾಟ್‌ನ ಉತ್ತರ ಯಾರಾದರೂ ಕೇಳಿದಾಗ ಮಾತ್ರ ಹೊರಬರುವಂಥದ್ದು. ಕೇಳಿದವರಿಗೆ ಅದು ತಪ್ಪೆಂದು ತಿಳಿಯುವುದಿಲ್ಲ, ತಿಳಿದವರು ಕೇಳುವುದಿಲ್ಲ.

ಹೊಸ ಮಾದರಿ ಇದ್ದಿದ್ದರೆ?

ಚಾಟ್‌ಜಿಪಿಟಿಯ ಬಗೆಯ, ವಾಕ್ಯಗಳನ್ನು ತಾವೇ ರಚಿಸುವ ಇಂದಿನ ಭಾಷಾ ಮಾದರಿಗಳಿಂದ ಕಟ್ಟಿದ ಚಾಟ್‌ಬಾಟ್ ಇಂಥ ತಪ್ಪು ಮಾಡುತ್ತಿರಲಿಲ್ಲವೇ ಎಂಬ ಪ್ರಶ್ನೆ ಸಹಜ. ಈಗ ಬಹಳಷ್ಟು ಕಡೆ ಬಳಕೆಯಲ್ಲಿರುವ ವಿಧಾನ, 2020ರ ಸಂಶೋಧನಾ ಪ್ರಬಂಧವೊಂದರಿಂದ ಹೆಸರು ಪಡೆದ ರಿಟ್ರೀವಲ್ ಆಗ್ಮೆಂಟೆಡ್ ಜನರೇಷನ್. ಇದರಲ್ಲಿ ಸಂಸ್ಥೆಯ ದಾಖಲೆಗಳನ್ನು ಸಣ್ಣ ತುಣುಕುಗಳಾಗಿ ಒಡೆದು, ಅರ್ಥದ ಸಾಮ್ಯದಿಂದ ಹುಡುಕಲು ಬರುವಂತೆ ಸಂಗ್ರಹಿಸಿಡುತ್ತಾರೆ. ಪ್ರಶ್ನೆ ಬಂದಾಗ ಹತ್ತಿರದ ಕೆಲವು ತುಣುಕುಗಳನ್ನು ಎತ್ತಿ ಭಾಷಾ ಮಾದರಿಯ ಮುಂದಿಟ್ಟು, ಇವುಗಳ ಆಧಾರದಿಂದಲೇ ಉತ್ತರಿಸು ಎನ್ನುತ್ತಾರೆ. ಉತ್ತರ ಮೂಲ ಪುಟದ ಪಠ್ಯದಿಂದಲೇ ಬರುವುದರಿಂದ ಚಾಟ್‌ಬಾಟ್‌ಗೆಂದು ಪ್ರತ್ಯೇಕವಾಗಿ ಬರೆದ ಪ್ರತಿ ಇರುವುದಿಲ್ಲ, ಪುಟ ಬದಲಾದಾಗ ಸಂಗ್ರಹವನ್ನೂ ಹೊಸದಾಗಿಸಿದರೆ ಉತ್ತರವೂ ಬದಲಾಗುತ್ತದೆ ಎಂಬುದು ಇದರ ಆಕರ್ಷಣೆ, ಮತ್ತು ಅದು ನಿಜವಾದ ಲಾಭ.

ಆದರೆ ಇಲ್ಲಿಯೇ ಹೊಸ ಬಗೆಯ ತಪ್ಪೂ ಹುಟ್ಟುತ್ತದೆ. ಪ್ರಯಾಣ ಮಾಡಿ ಆಗಿದೆ, ಅಜ್ಜಿ ತೀರಿಕೊಂಡಿದ್ದರು, ಹಣ ಮರಳಿ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಹುಡುಕಾಟವು ಎರಡು ತುಣುಕುಗಳನ್ನು ಎತ್ತಿತೆಂದು ಊಹಿಸಿಕೊಳ್ಳಿ: ಒಂದು ಸಾಮಾನ್ಯ ಮರುಪಾವತಿಯ ಗಡುವಿನದು, ಇನ್ನೊಂದು ಸಾವಿನ ರಿಯಾಯಿತಿಗೆ ಯಾರು ಅರ್ಹರು ಎಂಬುದರದು. ಎರಡೂ ತಮ್ಮ ತಮ್ಮ ಜಾಗದಲ್ಲಿ ಸತ್ಯ. ರಿಯಾಯಿತಿ ಪ್ರಯಾಣಕ್ಕೆ ಮೊದಲೇ ಕೋರಬೇಕೆಂಬ ವಾಕ್ಯವು ಅದೇ ಪುಟದ ಕೆಳಭಾಗದಲ್ಲಿ, ಮೂರನೆಯ ತುಣುಕಿನಲ್ಲಿ ಉಳಿದುಬಿಟ್ಟರೆ, ಮಾದರಿ ಮೊದಲೆರಡನ್ನು ಹೊಲಿದು ಯಾವ ದಾಖಲೆಯಲ್ಲಿಯೂ ಇಲ್ಲದ ನಿಯಮವೊಂದನ್ನು ಸರಾಗವಾದ ವಾಕ್ಯದಲ್ಲಿ ಹೇಳುತ್ತದೆ. ಪ್ರತಿ ಪದಕ್ಕೂ ಆಧಾರ ತೋರಿಸಬಹುದು, ಇಡೀ ವಾಕ್ಯಕ್ಕೆ ಮಾತ್ರ ಆಧಾರವಿಲ್ಲ. ಹಳೆಯ ಬರಹ ಅಳಿಸದೆ ಸಂಗ್ರಹದಲ್ಲಿ ಉಳಿದಿದ್ದರಂತೂ ಹುಡುಕಾಟಕ್ಕೆ ಹಳತು ಹೊಸತುಗಳ ಭೇದವೇ ತಿಳಿಯದು. ಹೀಗಾಗಿ ಏರ್ ಕೆನಡಾ ಪ್ರಕರಣದಲ್ಲಿ ಕಂಡ ದೋಷವನ್ನು ಹೆಚ್ಚು ಜಾಣವಾದ ಮಾದರಿ ತಾನಾಗಿ ನೀಗುವುದಿಲ್ಲ. ಅದು ಎರಡು ಪ್ರತಿಗಳ ಜಗಳವನ್ನು ಹತ್ತಾರು ತುಣುಕುಗಳ ಜಗಳವಾಗಿ ಬದಲಿಸುತ್ತದೆ, ಮತ್ತು ಅದೇ ಪ್ರಶ್ನೆಗೆ ಇಂದು ಒಂದು ನಾಳೆ ಇನ್ನೊಂದು ಉತ್ತರ ಬರುವ ಅಸ್ಥಿರತೆಯನ್ನೂ ಸೇರಿಸುತ್ತದೆ.

ಆದ್ದರಿಂದ ಕಟ್ಟುವವರು ಮೊದಲು ಮಾಡಬೇಕಾದ ಕೆಲಸ ಮಾದರಿಯ ಆಯ್ಕೆಯಲ್ಲ, ಪ್ರಶ್ನೆಗಳ ವಿಂಗಡಣೆ. ವಿಮಾನ ನಿಲ್ದಾಣದಲ್ಲಿ ಎಷ್ಟು ಹೊತ್ತಿಗೆ ಇರಬೇಕು ಎಂಬ ಪ್ರಶ್ನೆಗೆ ಮಾದರಿ ತನ್ನ ಮಾತಿನಲ್ಲಿ ಉತ್ತರಿಸಿದರೆ ಹೆಚ್ಚು ಅಪಾಯವಿಲ್ಲ. ಹಣ, ಗಡುವು, ಅರ್ಹತೆ ಇವುಗಳಲ್ಲಿ ಒಂದಾದರೂ ಇರುವ ಪ್ರಶ್ನೆಗೆ ಸಂಸ್ಥೆ ಕೊಡುವ ಉತ್ತರ ಒಂದು ವಾಗ್ದಾನ. ಅಂಥ ಕಡೆ ಮಾದರಿಗೆ ಎರಡೇ ಕೆಲಸ ಸಾಕು: ಕೇಳಿದವರ ಸ್ಥಿತಿಯನ್ನು ಅರ್ಥಮಾಡಿಕೊಳ್ಳುವುದು, ಮತ್ತು ಸರಿಯಾದ ನಿಯಮವನ್ನು ತಂದು ತೋರಿಸುವುದು. ನಿಯಮದ ವಾಕ್ಯ ಮಾತ್ರ ಅನುಮೋದಿತ ಮೂಲದಿಂದ ಅಕ್ಷರಶಃ ಬರಬೇಕು. ಸಾಧ್ಯವಿದ್ದಲ್ಲಿ ಅರ್ಹತೆಯ ಲೆಕ್ಕವನ್ನು ಭಾಷಾ ಮಾದರಿಗೆ ಬಿಡದೆ ಸಾಮಾನ್ಯ ಪ್ರೋಗ್ರಾಂ ಮಾಡಬೇಕು. ಪ್ರಯಾಣದ ದಿನಾಂಕ ಕಳೆದಿದೆಯೇ ಎಂದು ಕೇಳಿ, ಕಳೆದಿದ್ದರೆ ಇಲ್ಲ ಎನ್ನಲು ಯಾವ ಬುದ್ಧಿಮತ್ತೆಯೂ ಬೇಕಿಲ್ಲ. ಸಂಭಾಷಣೆ ಇದರಿಂದ ಸ್ವಲ್ಪ ಬಿಗಿಯಾಗುತ್ತದೆ, ಪ್ರದರ್ಶನದಲ್ಲಿ ಚೆಂದ ಕಾಣುವುದಿಲ್ಲ. ಚೆಂದ ಕಾಣಲೆಂದು ಕಟ್ಟಿದ ಚಾಟ್‌ಬಾಟ್‌ಗಳೇ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ.

ಪರೀಕ್ಷೆಯ ಮಾತು ಇದಕ್ಕೆ ಹೊಂದಿಕೊಂಡದ್ದು. ಈ ಪ್ರಕರಣದ ಪ್ರಶ್ನೆಯನ್ನೇ ಹಿಡಿದು, ಇನ್ನೂ ಹೊರಟಿಲ್ಲದವರು, ಅರ್ಧ ಪ್ರಯಾಣ ಮುಗಿಸಿದವರು, ಪೂರ್ತಿ ಮುಗಿಸಿದವರು, ಬೇರೆಯವರಿಗಾಗಿ ಟಿಕೆಟ್ ಕೊಂಡವರು, ಹೀಗೆ ನಿಯಮದ ಅಂಚಿನಲ್ಲಿ ನಿಂತವರ ಪ್ರಶ್ನೆಗಳನ್ನು ಹಲವು ಬಗೆಯ ಮಾತಿನಲ್ಲಿ ಬರೆದಿಟ್ಟು, ಪ್ರತಿಯೊಂದರ ಸರಿಯುತ್ತರವನ್ನು ನಿಯಮದ ಒಡೆತನವಿರುವ ವಿಭಾಗದವರಿಂದ ಬರೆಸಿ, ನಿಯಮ ಬದಲಾದಾಗಲೂ ಮಾದರಿ ಬದಲಾದಾಗಲೂ ಇಡೀ ಪಟ್ಟಿಯನ್ನು ಮತ್ತೆ ಓಡಿಸಬೇಕು. ತಂತ್ರಾಂಶ ಬರೆಯುವವರಿಗೆ ಇದು ಹೊಸದಲ್ಲ. ಹೊಸದಿರುವುದು ಉತ್ತರ ಕೊಡಬೇಕಾದವರು: ದರ ನಿಗದಿ ಮಾಡುವ ವಿಭಾಗದ ಅಧಿಕಾರಿ ಚಾಟ್‌ಬಾಟ್‌ನ ಉತ್ತರಕ್ಕೆ ಸಹಿ ಹಾಕುವ ಪದ್ಧತಿ ಬರದಿದ್ದರೆ ಈ ಪಟ್ಟಿಯನ್ನು ಎಂಜಿನಿಯರ್‌ಗಳು ತಮ್ಮ ಊಹೆಯಿಂದ ತುಂಬುತ್ತಾರೆ.

ದಾಖಲೆ ಇಡುವುದೂ ಅಷ್ಟೇ ಮುಖ್ಯ. ಪ್ರಯಾಣಿಕರ ಕೈಯಲ್ಲಿ ಸ್ಕ್ರೀನ್‌ಶಾಟ್ ಇತ್ತು. ಅದಿಲ್ಲದಿದ್ದರೆ ಪ್ರಕರಣವೇ ನಿಲ್ಲುತ್ತಿರಲಿಲ್ಲವೇನೋ. ಯಾವ ದಿನ ಯಾವ ಉತ್ತರ, ಯಾವ ದಾಖಲೆಯ ಯಾವ ಆವೃತ್ತಿಯಿಂದ ಹೋಯಿತು ಎಂಬುದನ್ನು ಸಂಸ್ಥೆ ತಾನೇ ಹೇಳಲು ಬರಬೇಕು. ಇನ್ನು ಸಾವಿನ ಮಾತು ಬಂದ ಕಡೆ ಯಂತ್ರ ಸಂತಾಪ ಸೂಚಿಸುವ ಬದಲು ಸಂಭಾಷಣೆಯನ್ನು ಮನುಷ್ಯರಿಗೆ ದಾಟಿಸುವುದು ಲೇಸು. ಅದು ಮರ್ಯಾದೆಯೂ ಹೌದು, ಲೆಕ್ಕಾಚಾರವೂ ಹೌದು. ಅಂಥ ಹೊತ್ತಿನಲ್ಲಿ ಜನ ಎರಡು ಪುಟ ತಾಳೆ ನೋಡುವ ಸ್ಥಿತಿಯಲ್ಲಿ ಇರುವುದಿಲ್ಲ.

ಎಚ್ಚರಿಕೆಯ ಫಲಕ ಸಾಕೇ

ತೀರ್ಪು ಹೊರಬಂದ ಮೇಲೆ ಹಲವು ಕಡೆ ಕಂಡ ಸುಲಭದ ಪರಿಹಾರವೆಂದರೆ, ಈ ಉತ್ತರಗಳಲ್ಲಿ ತಪ್ಪಿರಬಹುದು ಎಂಬ ಒಂದು ಸಾಲನ್ನು ಕೆಳಗೆ ಅಂಟಿಸುವುದು. ನ್ಯೂಯಾರ್ಕ್ ನಗರಾಡಳಿತ 2023ರ ಅಕ್ಟೋಬರ್‌ನಲ್ಲಿ ವ್ಯಾಪಾರಿಗಳಿಗೆಂದು ತೆರೆದ ಮೈಸಿಟಿ ಚಾಟ್‌ಬಾಟ್ ಇದರ ಮಿತಿಯನ್ನು ತೋರಿಸಿತು. ಮೈಕ್ರೋಸಾಫ್ಟ್‌ನ ಅಜೂರ್ ಸೇವೆಯ ಮೇಲೆ ಕಟ್ಟಿದ ಅದು, ನೌಕರರಿಗೆ ಬಂದ ಟಿಪ್ಸ್‌ನಲ್ಲಿ ಮಾಲೀಕರು ಪಾಲು ತೆಗೆದುಕೊಳ್ಳಬಹುದು, ಬಾಡಿಗೆಗೆ ಸರ್ಕಾರದ ನೆರವಾದ ವಸತಿ ವೋಚರ್ ಇರುವ ಬಾಡಿಗೆದಾರರನ್ನು ನಿರಾಕರಿಸಬಹುದು ಎಂದೆಲ್ಲ ಹೇಳುತ್ತಿರುವುದನ್ನು ದಿ ಮಾರ್ಕಪ್ ಸುದ್ದಿಸಂಸ್ಥೆ 2024ರ ಮಾರ್ಚ್‌ನಲ್ಲಿ ಬಯಲು ಮಾಡಿತು. ಎರಡೂ ಅಲ್ಲಿನ ಕಾನೂನಿಗೆ ವಿರುದ್ಧ. ನಗರಾಡಳಿತ ಚಾಟ್‌ಬಾಟನ್ನು ಕೂಡಲೇ ತೆಗೆಯದೆ ಎಚ್ಚರಿಕೆಯ ಮಾತುಗಳನ್ನು ಬಲಪಡಿಸಿತು. ಮಾಹಿತಿ ಕೊಡಲೆಂದೇ ತೆರೆದ ಕಿಟಕಿಯ ಮೇಲೆ ಇಲ್ಲಿ ಸಿಗುವ ಮಾಹಿತಿಯನ್ನು ನಂಬಬೇಡಿ ಎಂದು ಬರೆದರೆ ಆ ಕಿಟಕಿಯ ಪ್ರಯೋಜನವೇನು? ರಿವರ್ಸ್ ಅವರ ತರ್ಕದಲ್ಲಿ ನೋಡಿದರೆ ಇಂಥ ಫಲಕ ಗ್ರಾಹಕರ ನಂಬಿಕೆ ಸಮಂಜಸವೇ ಎಂಬ ಪ್ರಶ್ನೆಯನ್ನು ಸ್ವಲ್ಪ ಅಲುಗಿಸಬಹುದು. ಸಂಸ್ಥೆ ಎಚ್ಚರ ವಹಿಸಿತ್ತೇ ಎಂಬ ಪ್ರಶ್ನೆಯನ್ನು ಮುಟ್ಟುವುದೂ ಇಲ್ಲ.

ನಮ್ಮಲ್ಲಿ ಇಂಥ ವ್ಯಾಜ್ಯ ಬಂದರೆ ಕಾನೂನು ಬರಿಗೈಯಲ್ಲಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ತಾನಾಗಿ ನಡೆಯುವಂತೆ ಒಬ್ಬರು ಅಥವಾ ಅವರ ಪರವಾಗಿ ಬೇರೆಯವರು ರೂಪಿಸಿದ ಮಾಹಿತಿ ವ್ಯವಸ್ಥೆಯಿಂದ ಹೊರಟ ವಿದ್ಯುನ್ಮಾನ ದಾಖಲೆ ಆ ಒಬ್ಬರದೇ ಎಂದು ಪರಿಗಣಿತವಾಗುತ್ತದೆ. ಇದು ನೇರವಾಗಿ ಪರಿಹಾರದ ಹೊಣೆ ಹೊರಿಸುವ ನಿಯಮವಲ್ಲ, ಆದರೆ ಆ ಮಾತು ನನ್ನದಲ್ಲ, ಚಾಟ್‌ಬಾಟ್‌ನದು ಎಂಬ ವಾದಕ್ಕೆ ಭಾರತದಲ್ಲಿ ಕಾಲೂರಲು ಜಾಗ ಕಡಿಮೆ. ಪರಿಹಾರದ ಪ್ರಶ್ನೆಯನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಎಂದು ಗ್ರಾಹಕರ ಆಯೋಗದ ಮುಂದೆ ಒಯ್ಯಬಹುದು.

ಕನ್ನಡದ ಮಟ್ಟಿಗೆ ಈ ಪ್ರಕರಣ ಇನ್ನೊಂದು ತೊಡಕನ್ನು ಮುಂದಿಡುತ್ತದೆ. ರೈಲ್ವೆ ಟಿಕೆಟಿನ ಐಆರ್‌ಸಿಟಿಸಿ 2018ರಲ್ಲಿ ಬೆಂಗಳೂರಿನ ಕೋರೋವರ್ ಸಂಸ್ಥೆಯ ಜೊತೆಗೂಡಿ ಆಸ್ಕ್ ದಿಶಾ ಚಾಟ್‌ಬಾಟ್ ತಂದಾಗಿನಿಂದ, ಭಾರತೀಯ ಭಾಷೆಗಳಲ್ಲಿ ಮಾತಾಡುವ ಸೇವೆಗಳು ಹೆಚ್ಚುತ್ತಲೇ ಇವೆ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಭಾಷಿಣಿಯಿಂದ ಅನುವಾದವೂ ಧ್ವನಿಯೂ ಸುಲಭವಾಗಿವೆ. ಆದರೆ ಬ್ಯಾಂಕು, ವಿಮೆ, ವಿಮಾನಗಳ ನಿಯಮಗಳು ಅನುಮೋದನೆಯಾಗುವುದು ಬಹುಪಾಲು ಇಂಗ್ಲಿಷಿನಲ್ಲಿ. ಕನ್ನಡದ ಪ್ರಶ್ನೆ ಇಂಗ್ಲಿಷಿಗೆ ಹೋಗಿ, ಉತ್ತರ ಇಂಗ್ಲಿಷಿನಲ್ಲಿ ಹುಟ್ಟಿ, ಮತ್ತೆ ಕನ್ನಡಕ್ಕೆ ಬಂದರೆ ಗ್ರಾಹಕರ ಕೈಗೆ ಸಿಗುವುದು ಯಾರೂ ಅನುಮೋದಿಸದ ಇನ್ನೊಂದು ಪ್ರತಿ. ಜೊತೆಗೆ ನಮ್ಮವರು ಟೈಪ್ ಮಾಡುವುದು ಕನ್ನಡ ಲಿಪಿಯಲ್ಲಿಯೇ ಎಂದೇನಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ, ಅರ್ಧ ಇಂಗ್ಲಿಷ್ ಬೆರೆಸಿ, ಧಾರವಾಡದವರು ಒಂದು ಬಗೆ, ಮಂಗಳೂರಿನವರು ಒಂದು ಬಗೆ. ಇಂಗ್ಲಿಷಿನಲ್ಲಿ ತೇರ್ಗಡೆಯಾದ ಪರೀಕ್ಷಾ ಪಟ್ಟಿಯಿಂದ ಕನ್ನಡದ ಉತ್ತರದ ಬಗ್ಗೆ ಏನೂ ತಿಳಿಯುವುದಿಲ್ಲ. ಹಣಕ್ಕೆ ಸಂಬಂಧಿಸಿದ ನಿಯಮಗಳಿಗಾದರೂ ಮನುಷ್ಯರು ಬರೆದು ಸಂಸ್ಥೆ ಒಪ್ಪಿದ ಕನ್ನಡ ಪಠ್ಯವೇ ಮೂಲವಾಗಿರಬೇಕು.

ಏರ್ ಕೆನಡಾದ ಚಾಟ್‌ಬಾಟ್ ಮಾತಾಡಿತು, ಅಷ್ಟೆ. ಈಗ ಕಟ್ಟುತ್ತಿರುವ ಏಜೆಂಟ್‌ಗಳು, ಅಂದರೆ ಕೆಲಸವನ್ನೂ ತಾವೇ ಮಾಡಿ ಮುಗಿಸುವ ತಂತ್ರಾಂಶಗಳು, ಮಾತಾಡಿ ಸುಮ್ಮನಾಗುವಂಥವಲ್ಲ. ಟಿಕೆಟ್ ಬದಲಿಸುತ್ತವೆ, ರದ್ದು ಮಾಡುತ್ತವೆ, ಹಣ ಮರಳಿಸುತ್ತವೆ. ತಪ್ಪು ಮಾತನ್ನು ಆಮೇಲೆ ತಿದ್ದಬಹುದು, ತಪ್ಪಾಗಿ ರದ್ದಾದ ಸೀಟು ಇನ್ನೊಬ್ಬರ ಪಾಲಾಗಿರುತ್ತದೆ. ಎಷ್ಟು ಮೊತ್ತದವರೆಗೆ ಏಜೆಂಟ್ ತಾನೇ ನಿರ್ಧರಿಸಬಹುದು, ಯಾವುದಕ್ಕೆ ಮನುಷ್ಯರ ಒಪ್ಪಿಗೆ ಬೇಕು ಎಂಬ ಮಿತಿಯನ್ನು ಮಾದರಿಗೆ ಕೊಡುವ ಸೂಚನೆಯಲ್ಲಿ ಬರೆದರೆ ಸಾಲದು. ಹಣ ಚಲಿಸುವ ವ್ಯವಸ್ಥೆಯಲ್ಲಿಯೇ ಅದನ್ನು ಕೂಡಿಸಬೇಕಾಗುತ್ತದೆ. ಇನ್ನೊಂದು ಸ್ಥಿತಿಯೂ ದೂರವಿಲ್ಲ: ಪ್ರಯಾಣಿಕರ ಪರವಾಗಿ ಅವರದೇ ಏಜೆಂಟ್ ಹೋಗಿ ವಿಮಾನಯಾನ ಸಂಸ್ಥೆಯ ಏಜೆಂಟ್‌ನೊಡನೆ ವ್ಯವಹರಿಸುವುದು. ಈ ಪ್ರಕರಣದಲ್ಲಿ ಪರಿಹಾರ ಸಿಕ್ಕಿದ್ದು, ದುಃಖದಲ್ಲಿದ್ದ ಮನುಷ್ಯರೊಬ್ಬರು ಓದಿ ನಂಬಿದ್ದು ಸಮಂಜಸವೆಂದು ತೀರ್ಮಾನವಾದುದರಿಂದ. ಎರಡೂ ಕಡೆ ತಂತ್ರಾಂಶವೇ ಇದ್ದಾಗ ಪ್ರಯಾಣಿಕರ ಏಜೆಂಟ್ ಆ ಲಿಂಕನ್ನೂ ತೆರೆದು ಎರಡು ಪುಟಗಳನ್ನು ಕ್ಷಣಾರ್ಧದಲ್ಲಿ ತಾಳೆ ನೋಡಬಲ್ಲದು. ನೋಡಬಹುದಾಗಿದ್ದೂ ನೋಡದಿದ್ದರೆ ಅದರ ನಂಬಿಕೆಯನ್ನು ಸಮಂಜಸ ಎನ್ನಬಹುದೇ ಎಂಬ ಪ್ರಶ್ನೆಯನ್ನು ಎದುರಿಸುವ ಸಂದರ್ಭ ಈ ತೀರ್ಪಿಗೆ ಬಂದಿರಲಿಲ್ಲ.